ಮೂರು ಕೋಟಿ ವರ್ಷದ ಖಾಲಿ ಗೋಡೆ

ಗೋಡೆಯ ನಡುವೆ ಇರಬಾರದ ಪ್ರಾಣಿಯೊಂದು ನಿಂತಿತ್ತು. ಬೆಳಿಗ್ಗೆ ಮ್ಯೂಸಿಯಂಗೆ ಬಂದ ಕ್ಯುರೇಟರ್ ಕೈಚೀಲ ಕೆಳಗಿಡುವುದನ್ನೂ ಮರೆತು ನೋಡಿದಳು. ಎಡಕ್ಕೆ ಹಳೆಯ ಕಾಲದ ಉದ್ದ ಕುತ್ತಿಗೆಯ ಡೈನೋಸಾರ್‌ಗಳು, ಬಲಕ್ಕೆ ಆಮೇಲಿನವು. ಮಧ್ಯದ ಖಾಲಿ ಜಾಗದಲ್ಲಿ ಬೂದು ಮೈಯ ಹೊಸದೊಂದು, ಬಾಯಲ್ಲಿ ಎಲೆ. ಏಣಿಯ ಮೇಲೆ ಕುಳಿತು ಅವಳ ಮಾವ ಕುಂಚ ಒರೆಸಿಕೊಳ್ಳುತ್ತಿದ್ದರು.

"ಮಾವ, ಇಲ್ಲಿ ಏನೂ ಬರೀಬೇಡಿ ಅಂದಿದ್ನಲ್ಲ!"

"ಮೂರು ಮಾರು ಗೋಡೆ ಖಾಲಿ ಬಿಟ್ರೆ ಪೇಂಟರ್ ಅರ್ಧಕ್ಕೇ ಓಡಿಹೋದ ಅಂತಾರಮ್ಮ."

"ಈ ಭಾಗದ ಬಂಡೆಗಳಲ್ಲಿ ನಡುವಿನ ಮೂರು ಕೋಟಿ ವರ್ಷಕ್ಕೆ ಸೇರಿದ ಇವುಗಳ ಒಂದು ಮೂಳೆನೂ ಸಿಕ್ಕಿಲ್ಲ. ಅದಕ್ಕೇ ಖಾಲಿ."

"ಅಷ್ಟು ವರ್ಷ ಎಲ್ಲಿಗೆ ಹೋಗಿದ್ವಂತೆ? ತವರಿಗಾ?"

ಬಂದ ನಗುವನ್ನು ಅವಳು ತಡೆದುಕೊಂಡಳು. "ಇಲ್ಲೇ ಇದ್ವು. ಹೇಗಿದ್ವು ಅಂತ ಗೊತ್ತಿಲ್ಲ, ಅಷ್ಟೆ."

"ಗೊತ್ತಿಲ್ಲ ಅನ್ನೋದಕ್ಕೆ ನಿಂಗೆ ತಿಂಗಳು ತಿಂಗಳು ಸಂಬಳ ಬೇರೆ!"

ಗೋಡೆಯ ಮೂಲೆಯಲ್ಲಿ 'ಮಾಹಿತಿ' ಎಂದು ಅವಳ ಹೆಸರಿತ್ತು. ನಾಳೆ ಶಾಲೆಯ ಮಕ್ಕಳು ಬಂದು ಯಾರೂ ಕಾಣದ ಪ್ರಾಣಿಯನ್ನು ನಿಜವೆಂದು ಬರೆದುಕೊಂಡು ಹೋಗುತ್ತಾರೆ. ಅಳಿಸಲೇಬೇಕು. ಆದರೆ ಮಗ, ಅಂದರೆ ಇವಳ ಗಂಡ, ತೀರಿಕೊಂಡ ಎರಡು ವರ್ಷದ ಮೇಲೆ ಮಾವ ಕುಂಚ ಮುಟ್ಟಿದ್ದು ಈ ಗೋಡೆಗೆ. ಮುಟ್ಟುವಂತೆ ಕಾಡಿದವಳು ಇವಳೇ. ಇಡೀ ಗೋಡೆಯಲ್ಲಿ ಜೀವ ಬಂದಿದ್ದುದೂ ಆ ಬೂದು ಪ್ರಾಣಿಯೊಂದಕ್ಕೇ.

"ಅಳಿಸಿ ಮಾವ," ಎಂದಳು ಮೆಲ್ಲಗೆ.

ಮಾವ ಬಿಳಿ ಬಣ್ಣದ ಡಬ್ಬಿ ತೆರೆದು ಬಾಲದಿಂದ ಶುರುಮಾಡಿದರು. ಎಲೆ ಕೊನೆಗೆ ಹೋಯಿತು. ಏಣಿ ಇಳಿದವರು ಕುಂಚವನ್ನು ತೊಳೆಯದೆ ಹಾಗೇ ಕೆಳಗಿಟ್ಟರು. ಅದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಆ ಕಾಲದ ಹೆಜ್ಜೆ ಗುರುತು ಮಾತ್ರ ಸಿಕ್ಕಿದೆ ಮಾವ. ಕೆಸರಲ್ಲಿ ನಡೆದದ್ದು ಕಲ್ಲಾಗಿ ಉಳಿದಿದೆ. ಫೋಟೋ ಇದೆ. ಅದನ್ನ ಬೇಕಾದ್ರೆ ಬರೀಬಹುದು."

"ಇದನ್ನ ಮೊದಲೇ ಹೇಳೋಕೆ ಬಾಯಿಗೆ ಏನಾಗಿತ್ತು, ತಾಯಿ?"

ಮಧ್ಯಾಹ್ನದ ಹೊತ್ತಿಗೆ ಬೋಗುಣಿಯಂಥ ದುಂಡು ಹೆಜ್ಜೆಗಳು ಖಾಲಿ ಜಾಗದ ಈ ತುದಿಯಿಂದ ಆ ತುದಿಗೆ ನಡೆದುಹೋದವು. ಒಂದು ಕೈಯಲ್ಲಿ ಫೋಟೋ, ಇನ್ನೊಂದರಲ್ಲಿ ಒದ್ದೆ ಬಟ್ಟೆ ಹಿಡಿದು ಅವಳು ಒಂದೊಂದನ್ನೂ ತಾಳೆ ನೋಡಿದಳು. ಏಳನೆಯದರ ಬಳಿ ನಿಂತಳು.

"ಇದೊಂದು ಯಾಕೆ ಇಷ್ಟು ಆಳ? ಫೋಟೋದಲ್ಲಿ ಹೀಗಿಲ್ಲ."

"ಅಲ್ಲಿ ನಿಂತು ತಿರುಗಿ ನೋಡಿರುತ್ತೆ," ಎಂದರು ಮಾವ. "ಅಷ್ಟುದ್ದ ಕುತ್ತಿಗೆ ಇಟ್ಕೊಂಡು ಹಿಂದೆ ನೋಡದೆ ಹೋಗೋಕಾಗುತ್ತಾ?"

ಅವಳು ಒದ್ದೆ ಬಟ್ಟೆಯನ್ನು ಆ ಹೆಜ್ಜೆಯವರೆಗೂ ಒಯ್ದಳು. ಸುತ್ತ ಸಿಡಿದಿದ್ದ ಬಣ್ಣವನ್ನಷ್ಟೇ ಒರೆಸಿದಳು.