ಜೋಯಲನ ಮೊದಲ ಪಾಪನಿವೇದನೆ

ಏಳು ತುಂಬಿದ ಎಲ್ಲ ಮಕ್ಕಳಿಗೂ ಬರುವಂತೆ ಲೂರ್ದಮ್ಮನ ಪಕ್ಕದ ಮನೆಯ ಜೋಯಲನಿಗೂ ಹಿಂದಿನ ಜನ್ಮದಲ್ಲಿ ಯಾರಾಗಿದ್ದನೆಂದು ತಿಳಿಸುವ ಕಾರ್ಡು ಅಂಚೆಯಲ್ಲಿ ಬಂದಿತ್ತು. ಅದರಲ್ಲಿದ್ದ ಹೆಸರು ಅವಳ ಸತ್ತ ಗಂಡ ಚೌರಪ್ಪನದು. ಕುಡಿದು ಬಂದು ಬಾರಿಸಿ ಅವಳ ಎಡಗಿವಿಯನ್ನು ಕಿವುಡು ಮಾಡಿದವನು ಅವನೇ. ಸಾಯುವಾಗಲೂ ತಪ್ಪಾಯಿತೆಂಬ ಮಾತು ಅವನ ಬಾಯಿಂದ ಉದುರಲಿಲ್ಲ.

ಜೋಯಲನ ಮೊದಲ ಪಾಪನಿವೇದನೆಯ ದಿನ ಲೂರ್ದಮ್ಮ ಎಲ್ಲರಿಗಿಂತ ಮುಂಚೆ ಚರ್ಚಿಗೆ ಹೋಗಿ ಫಾದರನ್ನು ಬಾಗಿಲಲ್ಲೇ ತಡೆದಳು.

“ನನ್ ಕಿವಿ ವಿಷ್ಯಾನೂ ಅವನ್ ಬಾಯಲ್ಲಿ ಹೇಳ್ಸಿ ಸ್ವಾಮಿ. ಅಷ್ಟಾದ್ರೆ ಸಾಕು.”

ಫಾದರ್ ಅವಳ ಬಲಗಿವಿಯ ಕಡೆಗೆ ಬಂದು ನಿಂತರು. “ಹಾಗೆ ಬರಲ್ಲಮ್ಮ. ಜ್ಞಾನಸ್ನಾನಕ್ಕೆ ಮುಂಚಿನ ಪಾಪ ಎಲ್ಲಾ, ಹಿಂದಿನ ಜನ್ಮದ್ದೂ ಸೇರಿ, ಆ ನೀರಲ್ಲೇ ತೊಳೆದುಹೋಯ್ತು. ಹೇಳೋಕೆ ಅವನ ಹತ್ರ ಏನೂ ಉಳಿದಿಲ್ಲ.”

“ನನ್ ಹತ್ರ ಉಳಿದದಲ್ಲ?”

ಫಾದರ್ ಮಕ್ಕಳ ಪಾಪನಿವೇದನೆ ಕೇಳಲು ಒಳಗೆ ಹೋದರು. ಸ್ವಲ್ಪ ಹೊತ್ತಿಗೆಲ್ಲ ಜೋಯಲ್ ಓಡಿಬಂದು ಅವಳ ಸೆರಗು ಹಿಡಿದ. “ಅಜ್ಜಿ, ಬೆಲ್ಲ ಕದ್ದಿದ್ದು ಹೇಳ್ದೆ. ಎಲ್ಲಾ ಕ್ಷಮ್ಸಿಬಿಟ್ರು!”

ಏಳು ವರ್ಷದ ಹಿಂದೆ ಜೋಯಲನ ಜ್ಞಾನಸ್ನಾನದಲ್ಲಿ ಜ್ಞಾನತಾಯಿಯಾಗಿ ಆ ಕೂಸನ್ನು ಎತ್ತಿಕೊಂಡಿದ್ದವಳು ಲೂರ್ದಮ್ಮನೇ. ಒಂದು ಹನಿಯೂ ತಪ್ಪಿಹೋಗದಂತೆ ಅದರ ತಲೆಯನ್ನು ನೀರಿಗೆ ಸರಿಯಾಗಿ ಒಡ್ಡಿದ್ದಳು.