ಕ್ಯಾಪ್ಟನ್ ಹೇಗಿದ್ದರು?

“ಅಪ್ಪಾ, ಇವರು ರಾಜಗೋಪಾಲ ಅಂಕಲ್. ನೀವು ಕೆಲಸ ಮಾಡಿದ ಹಡಗಲ್ಲೇ ಇವರೂ ಇದ್ದರಂತೆ!”

ಹೊನ್ನಪ್ಪನವರ ಕಾಲು ಮೆಟ್ಟಿಲ ಮೇಲೆ ಹಾಗೇ ನಿಂತಿತು. ಅವರು ಹತ್ತುತ್ತಿದ್ದದ್ದು ಒಮಾನಿನ ಸೂರ್ ಪಟ್ಟಣದ ದಂಡೆಯಲ್ಲಿ ನೋಡುಗರಿಗೆಂದು ನಿಲ್ಲಿಸಿರುವ ಹಳೆಯ ಮರದ ಹಡಗನ್ನು. ಮಸ್ಕತ್ತಿನ ನಾಲ್ಕಾರು ಕನ್ನಡದ ಮನೆಯವರು ಶುಕ್ರವಾರದ ಪಿಕ್‌ನಿಕ್ಕಿಗೆ ಬಂದಿದ್ದರು. ಮಗ ಸಾಗರ್ ಹಿಗ್ಗಿ ಹೀರೇಕಾಯಿಯಾಗಿ ಕರೆತಂದಿದ್ದ ಮನುಷ್ಯನಿಗೆ ಬಿಳಿ ಮೀಸೆ, ಸೆಟೆದ ಬೆನ್ನು.

ಹೊನ್ನಪ್ಪನವರು ಯಾವ ಹಡಗಿನಲ್ಲೂ ಕೆಲಸ ಮಾಡಿದವರಲ್ಲ. ಮೈಸೂರಿನ ನೀರು ಸರಬರಾಜು ಕಚೇರಿಯ ಈ ನಿವೃತ್ತ ಗುಮಾಸ್ತರಿಗೆ ನೀರಿನ ಸಹವಾಸ ನಲ್ಲಿಯಿಂದಾಚೆಗೆ ಇರಲಿಲ್ಲ. ಒಮ್ಮೆ ಮುಂಬೈಗೆ ಹೋದಾಗ, ಸೇವೆ ಮುಗಿಸಿ ಮ್ಯೂಸಿಯಂ ಆಗಿದ್ದ ವಿಮಾನವಾಹಕ ನೌಕೆಯನ್ನು ಟಿಕೆಟ್ ಕೊಂಡು ಸುತ್ತಿ ಬಂದಿದ್ದರು, ಅಷ್ಟೇ. ಮಸ್ಕತ್ತಿನ ಅಲ್ ಹೈಲ್‌ನಲ್ಲಿರುವ ಮಗನ ಮನೆಯಲ್ಲಿ ಮೊಮ್ಮಗಳು ಮಾನ್ಯಾಳಿಗೆ ಅನ್ನ ತಿನ್ನಿಸಲು ಆ ಹಡಗಿನ ಕಥೆ ಹೇಳುತ್ತ, ‘ಮದುವೆಗೆ ಮೊದಲು ನಾನೂ ಅದರಲ್ಲಿದ್ದೆ’ ಎಂದುಬಿಟ್ಟರು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಸಾಗರ್ ಅಂದಿನಿಂದ ಅಪ್ಪನ ಎದುರು ಕಾಲ ಮೇಲೆ ಕಾಲು ಹಾಕುವುದನ್ನೇ ಬಿಟ್ಟ. ಆ ಗೌರವದ ರುಚಿ ಹತ್ತಿದ ಮೇಲೆ ನಿಜ ಹೇಳುವುದು ಹೇಗೆ? ಹೆಂಡತಿ ಸುಶೀಲಮ್ಮ ಬದುಕಿದ್ದಿದ್ದರೆ ಅಲ್ಲೇ ನಕ್ಕು ಎಲ್ಲವನ್ನೂ ಮುಗಿಸುತ್ತಿದ್ದರು.

ಈಗ ಮಾನ್ಯಾ ತಾತನ ಬೆರಳು ಹಿಡಿದು ನಿಂತಿದ್ದಳು. “ಸೇಮ್ ಶಿಪ್? ರಿಯಲಿ, ತಾತ?”

ಈ ಮಗುವಿನ ಕಣ್ಣೆದುರೇ ಬಣ್ಣ ಬಯಲಾಗಬೇಕೇ? ನಾಚಿಕೆಯಿಂದ ಹೊನ್ನಪ್ಪನವರ ಕಿವಿ ಬಿಸಿಯಾಯಿತು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

“ಸುಮ್ನೆ ನಿಂತ್ರಲ್ಲ ಇಬ್ರೂ? ಹಳೇದೆಲ್ಲಾ ಮಾತಾಡ್ಕೊಳ್ಳಿ!” ಸಾಗರ್ ಹುರಿದುಂಬಿಸಿದ.

ರಾಜಗೋಪಾಲರು ಹೊನ್ನಪ್ಪನವರನ್ನೇ ದಿಟ್ಟಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹೊನ್ನಪ್ಪನವರ ಕೈ ತಾನಾಗಿ ಕಾಲರಿಗೆ ಹೋಯಿತು. ರಾಜಗೋಪಾಲರೂ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. ಸೂರಿನ ಬಿಸಿಲೇ ಹಾಗೆ.

“ತಾತ, ನಿಮ್ಮ ಕ್ಯಾಪ್ಟನ್ ಹೇಗಿದ್ರು?” ಮಾನ್ಯಾ ಕೇಳಿದಳು.

ಸಿಕ್ಕಿಬಿದ್ದಾಯಿತು. ಹೊಸ ಸುಳ್ಳು ಹೊಸೆಯಲು ಧೈರ್ಯ ಸಾಲದೆ, ಹೊನ್ನಪ್ಪನವರು ಕಣ್ಣಾರೆ ಕಂಡದ್ದನ್ನೇ ಹೇಳಿದರು. “ಬಿಳೀ ಯೂನಿಫಾರಂ ಹಾಕ್ಕೊಂಡು... ಮೇಜಿನ ಮುಂದೆ ಕೂತಿರೋರು. ಕೈಲಿ ಪೆನ್ನು.”

ಮುಂದಿನ ಏಟಿಗಾಗಿ ಅವರು ಕಣ್ಣು ಮುಚ್ಚಿದರು.

“ಹೌದು ಹೌದು, ಅವರೇ!” ರಾಜಗೋಪಾಲರು ಹೋದ ಜೀವ ಬಂದವರಂತೆ ಕೂಗಿದರು. “ಸಣ್ಣ ಮೀಸೆ. ಎಡಗೈ ದುರ್ಬೀನಿನ ಮೇಲೆ. ನಮ್ಮ ಕಡೆ ತಿರುಗಿಯೂ ನೋಡೋರಲ್ಲ.”

“ಬೈತಿದ್ರಾ?”

“ಇಲ್ಲಮ್ಮ, ತುಂಬಾ ಸಾಧು. ಒಂದು ಮಾತೂ ಆಡೋರಲ್ಲ,” ಎಂದರು ರಾಜಗೋಪಾಲರು.

“ನೋಡಿದ್ಯಾ ಮಾನ್ಯಾ, ಇಬ್ರಿಗೂ ಒಬ್ರೇ ಕ್ಯಾಪ್ಟನ್!” ಸಾಗರ್ ಚಪ್ಪಾಳೆ ತಟ್ಟಿದ. ಮೊಬೈಲ್ ತೆಗೆದು, ಇಬ್ಬರನ್ನೂ ಹೆಗಲಿಗೆ ಹೆಗಲು ತಾಗಿಸಿ ನಿಲ್ಲಿಸಿದ.

ಹೊನ್ನಪ್ಪನವರು ಮೆಲ್ಲನೆ ಪಕ್ಕಕ್ಕೆ ತಿರುಗಿದರು. ಅದೇ ಹೊತ್ತಿಗೆ ರಾಜಗೋಪಾಲರೂ ತಿರುಗಿದರು. ಕಣ್ಣು ಕೂಡಿತು. ಮರುಕ್ಷಣವೇ ಇಬ್ಬರೂ ತಲೆ ತಗ್ಗಿಸಿ ತಮ್ಮ ತಮ್ಮ ಚಪ್ಪಲಿ ನೋಡತೊಡಗಿದರು.

ಮುಂಬೈಯ ಆ ಹಡಗಿನಲ್ಲಿ, ‘ಮುಟ್ಟಬಾರದು’ ಎಂಬ ಫಲಕದ ಹಿಂದೆ ಪೆನ್ನು ಹಿಡಿದು ಕೂತಿದ್ದ ಕ್ಯಾಪ್ಟನ್ ಒಂದು ಮೇಣದ ಗೊಂಬೆ.