ಡೂಪ್ಲಿಕೇಟ್ ರಿಮೋಟ್

ಟಿವಿ ಗೇಮಿನಲ್ಲಿ ಅಣ್ಣನ ಪೈಲ್ವಾನ ಅಂಗಾತ ಬಿದ್ದಿದ್ದ. ಶೈಲಾ ಮೊದಲ ಸಲ ಗೆದ್ದಿದ್ದಳು, ಅದೂ ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಡೂಪ್ಲಿಕೇಟ್ ರಿಮೋಟ್ ಹಿಡಿದು. ಗೇಮಿನ ಜೊತೆ ಬಂದ ಒರಿಜಿನಲ್ ಯಾವತ್ತೂ ಅಣ್ಣ ಸಿದ್ದಲಿಂಗೇಶನದೇ.

“ಗೆದ್ದಾಕಿ ನೀ ಅಲ್ಲ. ಆ ಡೂಪ್ಲಿಕೇಟಿನ್ಯಾಗ ಏನೋ ಮೋಸ ಐತಿ,” ಎಂದು ಅವನು ಅದನ್ನು ಕಿತ್ತುಕೊಂಡು, ತನ್ನದನ್ನು ಅವಳ ಮಡಿಲಿಗೆ ಎಸೆದ. “ಈಗ ಆಡು, ನೋಡೂಣು.”

ಮೂರು ವರ್ಷ ಬೇಡಿದರೂ ಸಿಗದ ರಿಮೋಟ್. ಆದರೆ ಡೂಪ್ಲಿಕೇಟಿನ ಗಟ್ಟಿ ಬಟನ್ನು ಒತ್ತಿ ಒತ್ತಿ ಜಡ್ಡುಗಟ್ಟಿದ ಹೆಬ್ಬೆರಳಿಗೆ ಈ ಮೆತ್ತನೆಯ ಬಟನ್ನು ಒಗ್ಗಲೇ ಇಲ್ಲ. ಒಂದು ಗುದ್ದು ಕೊಡಹೋದರೆ ಮೂರು ಹೋದವು, ಮೂರೂ ಗಾಳಿಗೆ. ಅಣ್ಣನೂ ಗಟ್ಟಿ ಬಟನ್ನಿಗೆ ತಿಣುಕಿದ. ಆದರೂ ಹೇಗೋ ಗೆದ್ದ.

“ನೋಡಿದೇನ? ಒರಿಜಿನಲ್ ಕೊಟ್ರೂ ಸೋತಿ,” ಎಂದವನೇ ಅದನ್ನು ಇಸಿದುಕೊಂಡು, ಡೂಪ್ಲಿಕೇಟನ್ನು ಅವಳತ್ತ ನೂಕಿದ.